ಮುಧೋಳ ನಾಯಿಯ ಸ್ವಭಾವ: ಕಣ್ಣಿನಿಂದ ಬೇಟೆಯಾಡುವ ತಳಿಯನ್ನು ಅರಿಯುವ ಬಗೆ

ಮುಧೋಳ ತಳಿಯ ಮರಿಯನ್ನು ಆಸೆಪಟ್ಟು ಪಟ್ಟಣದ ಮನೆಗೆ ತಂದವರಲ್ಲಿ ಹಲವರು, ಅದು ವರ್ಷ ತುಂಬುವಷ್ಟರಲ್ಲಿ, ಒಂದೇ ಬಗೆಯ ದೂರುಗಳನ್ನು ಹೇಳತೊಡಗುತ್ತಾರೆ. ಕರೆದರೆ ಬರುವುದಿಲ್ಲ, ಮನೆಗೆ ಬಂದ ನೆಂಟರ ಹತ್ತಿರ ಸುಳಿಯುವುದಿಲ್ಲ, ಬೆಕ್ಕು ಕಂಡರೆ ಕೈಯಲ್ಲಿದ್ದ ಹಗ್ಗವನ್ನೇ ಕಿತ್ತುಕೊಂಡು ಓಡುತ್ತದೆ, ಗದರಿದರೆ ಎರಡು ದಿನ ಮುಖ ತಿರುಗಿಸಿಕೊಂಡು ಮೂಲೆಯಲ್ಲಿ ಮಲಗುತ್ತದೆ ಎಂಬುವು ಆ ದೂರುಗಳು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇವನ್ನು ಬಿಡಿಬಿಡಿಯಾದ ದೋಷಗಳೆಂದು ಎಣಿಸಿದಷ್ಟು ಕಾಲ ಆ ನಾಯಿ ನಮಗೆ ಅರ್ಥವಾಗುವುದಿಲ್ಲ. ಎಷ್ಟೋ ತಲೆಮಾರುಗಳ ಕಾಲ ಬಯಲಿನಲ್ಲಿ, ಒಡೆಯನಿಂದ ದೂರದಲ್ಲಿ, ಕಣ್ಣಿನ ಬಲದಿಂದ ಬೇಟೆಯಾಡಲೆಂದು ಆರಿಸಿ ಬೆಳೆಸಿದ ಪ್ರಾಣಿಯ ಮೈಕಟ್ಟು ಹೇಗಿರಬೇಕೋ ಮುಧೋಳದ ಮೈಕಟ್ಟು ಹಾಗಿದೆ. ಅದರ ಮನೋಧರ್ಮವೂ ಅದೇ ಕಸುಬಿನಿಂದ ರೂಪುಗೊಂಡಿದೆ. ಆ ಕಸುಬನ್ನು ತಿಳಿದರೆ ಮೇಲಿನ ದೂರುಗಳೆಲ್ಲ ಒಂದೇ ಬೇರಿನಿಂದ ಹೊರಟಿವೆ ಎಂಬುದು ಕಾಣುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ಘಟಪ್ರಭಾ ನದಿಯ ದಂಡೆಯ ಊರು. ಇಂದು ಆ ಸೀಮೆಯಲ್ಲಿ ಕಣ್ಣು ಹಾಯಿಸಿದತ್ತ ಕಬ್ಬು ಕಾಣುತ್ತದೆಯಾದರೂ, ನೀರಾವರಿ ಬರುವ ಮುಂಚೆ ಅದು ಜೋಳ ಬೆಳೆಯುವ ಎರೆಭೂಮಿ, ಕುರುಚಲು ಗುಡ್ಡ ಮತ್ತು ತೆರೆದ ಬಯಲುಗಳ ನಾಡಾಗಿತ್ತು. ಇಂಥ ನೆಲದಲ್ಲಿ ಮೊಲವಾಗಲಿ ಚಿಗರಿಯಾಗಲಿ ಅಡಗಿ ಬದುಕುವುದಕ್ಕಿಂತ ಓಡಿ ಬದುಕುವುದೇ ಹೆಚ್ಚು. ಮಲೆನಾಡಿನ ದಟ್ಟ ಕಾಡಿನಲ್ಲಿ ಪೊದೆಯೊಳಗೆ ಮೂಗು ತೂರಿಸಿ ವಾಸನೆ ಹಿಡಿಯುವ ನಾಯಿ ಬೇಕಾದರೆ, ಇಲ್ಲಿ ಬೇಕಾದದ್ದು ದೂರದ ಚಲನೆಯನ್ನು ಥಟ್ಟನೆ ಗುರುತಿಸಿ, ಅದು ಕಣ್ಮರೆಯಾಗುವ ಮೊದಲೇ ಹಿಂದಿಕ್ಕಬಲ್ಲ ನಾಯಿ. ಈ ಭಾಗದ ಬೇಡ ಸಮುದಾಯದವರು ಅಂಥ ನಾಯಿಗಳನ್ನು ಸಾಕಿಕೊಂಡು ಬಂದವರು. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ದಂಗೆಯೆದ್ದ ಹಲಗಲಿಯ ಬೇಡರು ಇದೇ ಸೀಮೆಯವರೆಂಬುದನ್ನು ನೆನೆದರೆ, ಆಯುಧ ಮತ್ತು ಬೇಟೆ ಈ ಜನರ ಬದುಕಿನಲ್ಲಿ ಎಷ್ಟು ಆಳವಾಗಿ ಬೆರೆತಿದ್ದವೆಂಬುದು ತಿಳಿಯುತ್ತದೆ.

ತಳಿಯ ಮೂಲವನ್ನು ಸಾಮಾನ್ಯವಾಗಿ ಪಶ್ಚಿಮ ಮತ್ತು ಮಧ್ಯ ಏಷ್ಯಾದ ಸಲೂಕಿ, ತಾಜಿ ಮೊದಲಾದ ಓಟದ ಬೇಟೆನಾಯಿಗಳಿಗೆ ಜೋಡಿಸಲಾಗುತ್ತದೆ. ವ್ಯಾಪಾರಿಗಳ ತಂಡಗಳ ಜತೆಗೂ ಸೈನ್ಯಗಳ ಜತೆಗೂ ದಖ್ಖನಿಗೆ ಬಂದ ಆ ನಾಯಿಗಳು ಇಲ್ಲಿನ ನಾಯಿಗಳೊಡನೆ ಬೆರೆತು, ಇಲ್ಲಿನ ಬಿಸಿಲಿಗೂ ಆಹಾರಕ್ಕೂ ಹೊಂದಿಕೊಂಡು ಈ ರೂಪ ಪಡೆದವೆಂಬುದು ಪ್ರಚಲಿತ ಅಭಿಪ್ರಾಯ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎಂದು ದಾಖಲಿಸುತ್ತದೆ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಕಾರವಾನಿ ಎನ್ನುತ್ತಾರೆ. ಕಿವಿ, ಬಾಲಗಳಲ್ಲಿ ರೇಷ್ಮೆಯಂಥ ನೀಳಗೂದಲುಳ್ಳ ಬಗೆಗೆ ಪಶ್ಮಿ ಎಂಬ ಹೆಸರಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳ ಸಂಸ್ಥಾನವನ್ನು ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ಈ ನಾಯಿಗಳ ಗುಣವನ್ನು ಗಮನಿಸಿ, ಅವನ್ನು ಆರಿಸಿ ಬೆಳೆಸಲು ಮುಂದಾದರು. ಊರಿನ ಹೆಸರು ತಳಿಗೆ ಅಂಟಿದ್ದು ಹಾಗೆ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹಿಮಾಲಯದ ಕುರಿನಾಯಿ, ರಾಂಪುರ ಹೌಂಡ್, ರಾಜಪಾಳಯಂ ತಳಿಗಳ ಜತೆಗೆ ಮುಧೋಳಕ್ಕೂ ಅಂಚೆಚೀಟಿಯ ಗೌರವ ಕೊಟ್ಟಿತು.

ಬೇಟೆನಾಯಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಬ್ಲಡ್‌ಹೌಂಡ್, ಬೀಗಲ್ ಮುಂತಾದವು ನೆಲಕ್ಕೆ ಮೂಗು ಹಚ್ಚಿ, ಪ್ರಾಣಿ ಹಾದುಹೋಗಿ ಗಂಟೆಗಳಾದರೂ ಅದರ ಜಾಡನ್ನು ಬಿಡದೆ ಹಿಂಬಾಲಿಸುತ್ತವೆ. ಅವುಗಳ ಬೇಟೆ ನಿಧಾನದ್ದು, ಬೊಗಳುತ್ತಾ ಒಡೆಯನನ್ನು ಜತೆಗೆ ಕರೆದೊಯ್ಯುವಂಥದ್ದು. ಗ್ರೇಹೌಂಡ್, ಸಲೂಕಿ, ರಾಂಪುರ, ಚಿಪ್ಪಿಪಾರೈ ಮತ್ತು ಮುಧೋಳ ಎರಡನೆಯ ಗುಂಪಿಗೆ ಸೇರಿದವು. ಇವುಗಳ ಬೇಟೆ ಪ್ರಾಣಿ ಕಣ್ಣಿಗೆ ಬಿದ್ದ ಕ್ಷಣದಲ್ಲಿ ಆರಂಭವಾಗಿ ಒಂದೆರಡು ನಿಮಿಷಗಳಲ್ಲಿ, ಎಷ್ಟೋ ಸಲ ಅದಕ್ಕೂ ಮೊದಲೇ, ಮುಗಿದುಹೋಗುತ್ತದೆ. ಆ ಅಲ್ಪಕಾಲದಲ್ಲಿ ನಾಯಿ ತನ್ನೆಲ್ಲ ಶಕ್ತಿಯನ್ನು ಸುರಿಯಬೇಕು. ಬೊಗಳುವುದಕ್ಕೆ ಅಲ್ಲಿ ಉಸಿರೂ ಇಲ್ಲ, ಕಾರಣವೂ ಇಲ್ಲ. ಮುಧೋಳ ಬಹುಪಾಲು ಮೌನಿಯಾದ ನಾಯಿ ಎಂಬ ಮಾತಿನ ಹಿನ್ನೆಲೆ ಇದು.

ಕಣ್ಣಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ನಾಯಿಯ ವರ್ತನೆಯ ಬೀಗದ ಕೈ ಅಲ್ಲಿದೆ. ಮುಧೋಳದ ತಲೆ ಉದ್ದವಾಗಿ, ಕಿರಿದಾಗಿ, ಮೂತಿಯತ್ತ ಚೂಪಾಗುತ್ತಾ ಹೋಗುತ್ತದೆ. ಕಣ್ಣುಗಳು ದೊಡ್ಡವು, ತುಸು ಪಕ್ಕಕ್ಕೆ ಸರಿದಂತೆ ಕೂತಿರುತ್ತವೆ. ಮನುಷ್ಯನಿಗೆ ತಲೆ ತಿರುಗಿಸದೆ ಸುಮಾರು 180 ಡಿಗ್ರಿಯಷ್ಟು ಕಾಣುವುದಾದರೆ, ಉದ್ದ ಮೂತಿಯ ಈ ಗುಂಪಿನ ನಾಯಿಗಳ ನೋಟದ ಹರವು 270 ಡಿಗ್ರಿಯವರೆಗೂ ಹೋಗುತ್ತದೆಂದು ಹೇಳುತ್ತಾರೆ. ಕಣ್ಣೊಳಗಿನ ರಚನೆಯೂ ಬೇರೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಯಿಯ ಮೂತಿಯ ಉದ್ದಕ್ಕೂ ಅಕ್ಷಿಪಟಲದ ನರಕೋಶಗಳ ಹಂಚಿಕೆಗೂ ಸಂಬಂಧವಿದೆಯೆಂದು ತೋರಿಸಿದರು: ಮೊಂಡು ಮೂತಿಯ ನಾಯಿಗಳಲ್ಲಿ ಆ ಕೋಶಗಳು ನಡುವೆ ಒಂದೆಡೆ ಗುಂಪುಗೂಡಿದರೆ, ಉದ್ದ ಮೂತಿಯ ನಾಯಿಗಳಲ್ಲಿ ಅಡ್ಡಡ್ಡಲಾಗಿ ಪಟ್ಟಿಯಂತೆ ಹರಡಿಕೊಂಡಿರುತ್ತವೆ. ಅಡ್ಡಪಟ್ಟಿಯ ಈ ಏರ್ಪಾಡು ದಿಗಂತದ ಉದ್ದಕ್ಕೂ ಎಲ್ಲಿ ಏನೇ ಅಲುಗಿದರೂ ಹಿಡಿಯಲು ಹೇಳಿಮಾಡಿಸಿದ್ದು. ಬಣ್ಣಗಳಲ್ಲಿ ನಾಯಿಗೆ ಮುಖ್ಯವಾಗಿ ನೀಲಿ ಮತ್ತು ಹಳದಿಯ ಛಾಯೆಗಳು ಮಾತ್ರ ಬೇರೆಬೇರೆಯಾಗಿ ಕಾಣುತ್ತವೆ, ಸೂಕ್ಷ್ಮ ವಿವರಗಳಲ್ಲಿಯೂ ಅದರ ಕಣ್ಣು ನಮ್ಮ ಕಣ್ಣಿಗೆ ಸಮವಲ್ಲ. ಆದರೆ ಚಲನೆಯನ್ನು ಗುರುತಿಸುವುದರಲ್ಲಿ ಅದು ನಮ್ಮನ್ನು ಮೀರಿಸುತ್ತದೆ. ಹೊಲದ ಬದುವಿನಲ್ಲಿ ಅಲುಗದೆ ಕೂತ ಮೊಲವನ್ನು ಮುಧೋಳ ಕಾಣದೆ ಹೋಗಬಹುದು, ಅದೇ ಮೊಲ ಕಿವಿ ಕೊಡವಿದರೆ ಸಾಕು.

ಮಿಕ್ಕ ಮೈಕಟ್ಟು ಆ ಕಣ್ಣು ಕಂಡದ್ದನ್ನು ಮುಟ್ಟುವುದಕ್ಕಾಗಿ ರೂಪುಗೊಂಡದ್ದು. ಗಂಡು ನಾಯಿಯ ಎತ್ತರ ಸುಮಾರು 68ರಿಂದ 74 ಸೆಂಟಿಮೀಟರ್, ಹೆಣ್ಣಿನದು 64ರಿಂದ 70. ಇಷ್ಟೆತ್ತರದ ನಾಯಿಯ ತೂಕ ಸಾಮಾನ್ಯವಾಗಿ 22ರಿಂದ 28 ಕಿಲೋಗ್ರಾಮಿನೊಳಗೇ ಇರುತ್ತದೆ. ಎದೆಗೂಡು ಆಳವಾಗಿದ್ದು ಶ್ವಾಸಕೋಶಕ್ಕೂ ಹೃದಯಕ್ಕೂ ಜಾಗ ಕೊಡುತ್ತದೆ, ಹೊಟ್ಟೆ ಒಳಕ್ಕೆ ಎಳೆದುಕೊಂಡಂತಿರುತ್ತದೆ, ಬೆನ್ನು ಬಾಗಿ ಚಾಚಿಕೊಳ್ಳಬಲ್ಲದು. ಪೂರ್ತಿ ವೇಗದಲ್ಲಿ ಓಡುವಾಗ ಪ್ರತಿ ದಾಪುಗಾಲಿನಲ್ಲೂ ನಾಲ್ಕು ಕಾಲುಗಳು ಎರಡು ಸಲ ನೆಲ ಬಿಟ್ಟಿರುತ್ತವೆ: ಮೈ ಮುದುರಿ ಕಾಲುಗಳು ಹೊಟ್ಟೆಯಡಿ ಸೇರಿದಾಗ ಒಮ್ಮೆ, ಮೈ ಪೂರ್ತಿ ಚಾಚಿದಾಗ ಇನ್ನೊಮ್ಮೆ. ಕುದುರೆಯ ನಾಗಾಲೋಟದಲ್ಲಿ ಇದು ಒಂದೇ ಸಲ ಆಗುವುದು. ಚೀತಾ ಮತ್ತು ಓಟದ ಬೇಟೆನಾಯಿಗಳಲ್ಲಿ ಎರಡು ಸಲ. ಉದ್ದನೆಯ ಬಾಲ ತಿರುವಿನಲ್ಲಿ ತೋಲ ಕಾಯುತ್ತದೆ. ಈ ಮೈಯಲ್ಲಿ ಕೊಬ್ಬು ಅತಿ ಕಡಿಮೆ, ಕೂದಲು ಮೋಟು, ಚರ್ಮ ತೆಳು. ಮುಧೋಳದ ನಾಯಿಯ ಪಕ್ಕೆಲುಬು ಕಾಣುತ್ತದೆಂದು ಮರುಗಿ ಅನ್ನ ಸುರಿಯುವವರಿಗೆ ಈ ಸಂಗತಿಯನ್ನು ಮನವರಿಕೆ ಮಾಡಿಕೊಡಬೇಕಾಗುತ್ತದೆ. ದಪ್ಪಗಾದ ಮುಧೋಳ ಆರೋಗ್ಯವಂತ ಮುಧೋಳವಲ್ಲ.

ಇನ್ನು ಮೈಯಿಂದ ಮನಸ್ಸಿಗೆ ಬರೋಣ. ಬೇಟೆಯಾಡುವ ಪ್ರಾಣಿಯ ಕ್ರಿಯೆ ಒಂದರ ಹಿಂದೊಂದು ಬರುವ ಹಂತಗಳ ಸರಣಿ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು. ತೋಳದಲ್ಲಿ ಈ ಸರಣಿ ಪೂರ್ತಿಯಾಗಿದೆ. ಮನುಷ್ಯ ತಳಿಗಳನ್ನು ಬೆಳೆಸುವಾಗ ತನ್ನ ಕೆಲಸಕ್ಕೆ ಬೇಕಾದ ಹಂತವನ್ನು ಹಿಗ್ಗಿಸಿ, ಬೇಡವಾದದ್ದನ್ನು ಕುಗ್ಗಿಸುತ್ತಾ ಬಂದ. ಕುರಿಮಂದೆಯನ್ನು ತಿರುಗಿಸುವ ಬಾರ್ಡರ್ ಕೋಲಿ ದಿಟ್ಟಿಸುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ. ಕಚ್ಚಬೇಕಾದ ಹಂತದಲ್ಲಿ ನಿಂತುಬಿಡುತ್ತದೆ. ಹೊಡೆದ ಹಕ್ಕಿಯನ್ನು ಹೊತ್ತು ತರುವ ಲ್ಯಾಬ್ರಡಾರ್ ಹಿಡಿಯುತ್ತದೆ, ಆದರೆ ಹಲ್ಲೂರಿಸದೆ ತಂದೊಪ್ಪಿಸುತ್ತದೆ. ಮುಧೋಳದಲ್ಲಿ ಗುರುತಿಸುವುದರಿಂದ ಹಿಡಿಯುವವರೆಗಿನ ಹಂತಗಳು ಮೊನಚಾಗಿಯೇ ಉಳಿದಿವೆ, ಅದರಲ್ಲೂ ಗುರುತಿಸಿದ್ದಕ್ಕೂ ಬೆನ್ನಟ್ಟಿದ್ದಕ್ಕೂ ನಡುವಿನ ಅಂತರ ಬಹಳ ಕಿರಿದು. ಕಣ್ಣು ಕಂಡಿತೋ ಇಲ್ಲವೋ ಕಾಲು ಹೊರಟಿರುತ್ತದೆ. ಆ ಅಂತರದೊಳಗೆ ಒಡೆಯನ ಕೂಗು ತೂರುವುದು ಕಷ್ಟ, ಏಕೆಂದರೆ ಆ ಅಂತರವನ್ನು ಇಲ್ಲವಾಗಿಸುವುದೇ ತಲೆಮಾರುಗಳ ಆಯ್ಕೆಯ ಗುರಿಯಾಗಿತ್ತು. ಅನುಮತಿಗಾಗಿ ಹಿಂದಿರುಗಿ ನೋಡುವ ನಾಯಿಗೆ ಬಯಲಿನಲ್ಲಿ ಮೊಲ ಸಿಗುತ್ತಿರಲಿಲ್ಲ.

ಇದರಿಂದ ಎರಡು ತಪ್ಪು ತಿಳಿವಳಿಕೆಗಳನ್ನು ತಿದ್ದಿಕೊಳ್ಳಬಹುದು. ಬೆನ್ನಟ್ಟುವ ಹಂಬಲವನ್ನು ಕೋಪವೆಂದೋ ಕ್ರೌರ್ಯವೆಂದೋ ಭಾವಿಸುವುದು ಮೊದಲನೆಯದು. ಕೋಪಗೊಂಡ ನಾಯಿ ಗುರುಗುಟ್ಟುತ್ತದೆ, ರೋಮ ನಿಮಿರಿಸುತ್ತದೆ, ಎದುರಾಳಿ ಹಿಂದೆ ಸರಿದರೆ ತಾನೂ ಸುಮ್ಮನಾಗುತ್ತದೆ. ಬೆನ್ನಟ್ಟುವ ನಾಯಿಯಲ್ಲಿ ಇದಾವುದೂ ಇರುವುದಿಲ್ಲ. ಎದುರಿನದು ಓಡಿದಷ್ಟೂ ಅದರ ಉತ್ಸಾಹ ಏರುತ್ತದೆ. ಬೀದಿಯ ಬೆಕ್ಕನ್ನು ಅಟ್ಟಿದ ಮುಧೋಳ ಮನೆಯ ಮಗುವಿನ ಪಕ್ಕದಲ್ಲಿ ಸೌಮ್ಯವಾಗಿ ಮಲಗಿರಬಲ್ಲದು, ಏಕೆಂದರೆ ಎರಡೂ ಬೇರೆ ಬೇರೆ ಪ್ರವೃತ್ತಿಗಳು. ಆದರೆ ಕೋಳಿ, ಬೆಕ್ಕು, ಮೊಲ, ಚಿಕ್ಕ ಜಾತಿಯ ನಾಯಿ ಇರುವ ಮನೆಯವರು ಇದನ್ನು ಸಮಾಧಾನದ ಮಾತೆಂದು ತಿಳಿಯಬಾರದು. ಮರಿಯಿದ್ದಾಗಿನಿಂದ ಜತೆಗೇ ಬೆಳೆದ ಬೆಕ್ಕನ್ನು ಅದು ಮನೆಯವರಲ್ಲಿ ಒಂದೆಂದು ಒಪ್ಪಿಕೊಳ್ಳಬಹುದು, ಪಕ್ಕದ ಮನೆಯ ಬೆಕ್ಕಿಗೆ ಆ ವಿನಾಯಿತಿ ದೊರೆಯುವುದಿಲ್ಲ. ಕರೆದರೆ ಬಾರದಿರುವುದನ್ನು ದಡ್ಡತನವೆಂದು ಎಣಿಸುವುದು ಎರಡನೆಯ ತಪ್ಪು. ಒಡೆಯನಿಂದ ನೂರಾರು ಮಾರು ದೂರದಲ್ಲಿ, ಮೊಲ ಎತ್ತ ತಿರುಗೀತೆಂದು ಊಹಿಸಿ, ಅಡ್ಡಹಾದಿ ಹಿಡಿಯುವ ತೀರ್ಮಾನವನ್ನು ತಾನೊಂದೇ ಮಾಡುವ ಪ್ರಾಣಿಯ ಬುದ್ಧಿ ಅದು. ಜರ್ಮನ್ ಶೆಫರ್ಡ್ ತನ್ನವನ ಮುಖ ನೋಡುತ್ತಾ ಕೆಲಸ ಮಾಡಲೆಂದು ಬೆಳೆಸಿದ ತಳಿ. ಅದರ ಅಳತೆಗೋಲಿನಿಂದ ಮುಧೋಳವನ್ನು ಅಳೆಯುವುದು ನ್ಯಾಯವಲ್ಲ.

ಅಪರಿಚಿತರೊಡನೆ ಈ ನಾಯಿಯ ನಡವಳಿಕೆ ಬಿಗುಮಾನದ್ದು. ಬಂದವರ ಕೈ ನೆಕ್ಕುವುದು, ಮೈಮೇಲೆ ಹಾರುವುದು ಇದರ ಜಾಯಮಾನವಲ್ಲ. ಗುರುತಿಲ್ಲದವರು ತಲೆ ಸವರಲು ಹೋದರೆ ಮೆಲ್ಲನೆ ಸರಿದು ದೂರ ನಿಲ್ಲುತ್ತದೆ, ಬಲವಂತ ಮಾಡಿದರೆ ಎಚ್ಚರಿಕೆಯನ್ನೂ ಕೊಡಬಹುದು. ಹಚ್ಚಿಕೊಂಡ ಒಬ್ಬಿಬ್ಬರ ಬಗ್ಗೆ ಅದರ ನಿಷ್ಠೆ ಆಳವಾದದ್ದು, ಆದರೆ ತೋರಿಕೆಯಿಲ್ಲದ್ದು. ಅವರು ಕೂತ ಕೋಣೆಯಲ್ಲೇ ತಾನೂ ಇರಬೇಕು, ಅಷ್ಟೇ. ಅಪರಿಚಿತ ಅಂಗಳಕ್ಕೆ ಕಾಲಿಟ್ಟದ್ದನ್ನು ಅದು ಬೇಗ ಗಮನಿಸುತ್ತದೆ, ಹಳ್ಳಿಗಳಲ್ಲಿ ಹೊಲ ಮನೆ ಕಾಯುವುದಕ್ಕೂ ಇದನ್ನು ಬಳಸುತ್ತಾರೆ. ಹಾಗೆಂದು ಗೇಟಿನ ಬಳಿ ದಿನವಿಡೀ ಬೊಗಳುವ ನಾಯಿ ಬೇಕೆನ್ನುವವರು ಬೇರೆ ತಳಿಯನ್ನು ಹುಡುಕುವುದೇ ಮೇಲು. ಸ್ವರದ ಏರಿಳಿತವನ್ನೂ ಮನೆಯ ಜಗಳವನ್ನೂ ಬಹುಬೇಗ ಗ್ರಹಿಸುವ ಸೂಕ್ಷ್ಮ ಮನಸ್ಸು ಇದರದು. ಹೊಡೆದು ಬಡಿದು ಕಲಿಸಹೊರಟರೆ ಅದು ಕಲಿಯುವುದಿಲ್ಲ, ಹೆದರಿ ಒಳಗೊಳಗೇ ಮುದುಡುತ್ತದೆ, ಇಲ್ಲವೇ ಕೈ ಚಾಚಿದವರನ್ನೆಲ್ಲ ಅನುಮಾನಿಸತೊಡಗುತ್ತದೆ. ನನ್ನ ದೃಷ್ಟಿಯಲ್ಲಿ ಈ ತಳಿಗೆ ಮಾಡುವ ಅತಿದೊಡ್ಡ ಅನ್ಯಾಯ ಅದನ್ನು ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದು. ಓಡುವುದಕ್ಕಾಗಿಯೇ ಹುಟ್ಟಿದ ಪ್ರಾಣಿಯನ್ನು ಮೂರು ಮೊಳದ ಜಾಗದಲ್ಲಿ ನಿಲ್ಲಿಸಿ, ಬಳಿಕ ಅದು ಸಿಡುಕೆಂದು ದೂರುವುದು ಎಷ್ಟು ಸರಿ?

ಹಾಗಾದರೆ ಇದಕ್ಕೆ ಇಡೀ ದಿನ ಓಟ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಅಲ್ಪಕಾಲದ ತೀವ್ರ ಓಟಕ್ಕೆ ಒಗ್ಗಿದ ನಾಯಿ ಉಳಿದ ಹೊತ್ತನ್ನು ಮಲಗಿಯೇ ಕಳೆಯುತ್ತದೆ, ಮನೆಯೊಳಗೆ ಅದರಷ್ಟು ಶಾಂತವಾದ ದೊಡ್ಡ ನಾಯಿ ಕಡಿಮೆ. ಬೇಕಾದದ್ದು ದಿನವೂ ಬೇಲಿಯೊಳಗಿನ ತೆರೆದ ಜಾಗದಲ್ಲಿ ಸ್ವಲ್ಪ ಹೊತ್ತು ಹಗ್ಗವಿಲ್ಲದ ಓಟ, ಜತೆಗೆ ಎರಡು ಹೊತ್ತು ನಡಿಗೆ. ಬೇಲಿ ಆಳೆತ್ತರವಿರಬೇಕು, ಏಕೆಂದರೆ ಇದು ಹಾರಬಲ್ಲ ನಾಯಿ. ಬೀದಿಯಲ್ಲಿ ಹಗ್ಗ ಬಿಡಲೇಬಾರದು; ಕರೆಗೆ ಎಷ್ಟೇ ಚೆನ್ನಾಗಿ ಓಗೊಡುವ ಮುಧೋಳವಾದರೂ ರಸ್ತೆಯ ಆಚೆ ಬದಿಯಲ್ಲಿ ಓಡಿದ ಬೆಕ್ಕಿನ ಹಿಂದೆ ಹೊರಟಾಗ ನಡುವೆ ಬರುವ ಲಾರಿಯನ್ನು ಲೆಕ್ಕಕ್ಕಿಡುವುದಿಲ್ಲ. ಕೊರಳಪಟ್ಟಿಯ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ: ಈ ಗುಂಪಿನ ನಾಯಿಗಳ ತಲೆ ಕುತ್ತಿಗೆಗಿಂತ ಅಗಲವಾಗಿರುವುದಿಲ್ಲ, ಆದ್ದರಿಂದ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಪಟ್ಟಿ ಸಲೀಸಾಗಿ ಕಳಚಿಬೀಳುತ್ತದೆ. ಎಳೆದಾಗ ಮಿತವಾಗಿ ಬಿಗಿಯಾಗುವ ಅಗಲವಾದ ಮಾರ್ಟಿಂಗೇಲ್ ಪಟ್ಟಿ, ಇಲ್ಲವೇ ಎದೆಗೆ ಸುತ್ತುವ ಹಾರ್ನೆಸ್ ಸುರಕ್ಷಿತ.

ಕಲಿಕೆಯ ತಳಹದಿ ಬೀಳುವುದು ಮರಿಯ ಮೂರನೆಯ ವಾರದಿಂದ ಹೆಚ್ಚುಕಡಿಮೆ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ. ಆ ಕಾಲದಲ್ಲಿ ಕಂಡ ಜನ, ಕೇಳಿದ ಸದ್ದು, ತುಳಿದ ನೆಲ ಎಲ್ಲವನ್ನೂ ಮರಿ ತನ್ನ ಲೋಕದ ಭಾಗವೆಂದು ಸ್ವೀಕರಿಸುತ್ತದೆ. ಕಾಣದೆ ಉಳಿದದ್ದು ಮುಂದೆ ಹೆದರಿಕೆಯ ವಸ್ತುವಾಗಬಹುದು. ಎಲ್ಲ ತಳಿಗೂ ಈ ಮಾತು ಹೊಂದುತ್ತದೆಯಾದರೂ ಸ್ವಭಾವತಃ ಬಿಗುವಾದ ಮುಧೋಳಕ್ಕೆ ಇದರ ಅಗತ್ಯ ದುಪ್ಪಟ್ಟು. ಪಾಠಗಳು ಐದು ಹತ್ತು ನಿಮಿಷ ಮೀರದಿರಲಿ, ಒಂದೇ ಆಜ್ಞೆಯನ್ನು ಇಪ್ಪತ್ತು ಸಲ ಹೇಳಿಸಿಕೊಳ್ಳಲು ಇದಕ್ಕೆ ತಾಳ್ಮೆಯಿಲ್ಲ. ಮೂರನೆಯ ಸಲಕ್ಕೇ ಅದು ಬೇರೆಡೆ ನೋಡತೊಡಗಿದರೆ ಪಾಠ ನಿಲ್ಲಿಸಿ, ಸಂಜೆ ಮತ್ತೆ ಹಿಡಿಯುವುದು ಲೇಸು. ಕರೆದಾಗ ಬಂದ ನಾಯಿಯನ್ನು, ಅದು ಎಷ್ಟೇ ತಡಮಾಡಿ ಬಂದಿರಲಿ, ಗದರಬಾರದು. ಬಂದದ್ದಕ್ಕೆ ಪೆಟ್ಟು ತಿಂದ ನಾಯಿ ಮತ್ತೊಮ್ಮೆ ಬರಲು ಕಾರಣವೇ ಉಳಿಯುವುದಿಲ್ಲ.

ಕೆಲಸದ ನಾಯಿಯಾಗಿ ಮುಧೋಳದ ಸಾಮರ್ಥ್ಯವನ್ನು ಕುರಿತ ಚರ್ಚೆ ಈಚಿನ ವರ್ಷಗಳಲ್ಲಿ ಜೋರಾಗಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದ್ದು, ತಳಿಯ ಸಂರಕ್ಷಣೆಯ ಮುಖ್ಯ ನೆಲೆಯಾಗಿದೆ. ಅಲ್ಲಿಂದ 2016ರಲ್ಲಿ ಮರಿಗಳು ಮೇರಠದ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಅನಂತರ ಅರೆಸೇನಾ ಪಡೆಗಳೂ ಈ ತಳಿಯತ್ತ ತಿರುಗಿದವು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ಜಾಡು ಹಿಡಿಯುವ ವಿಭಾಗದಲ್ಲಿ ಮೊದಲ ಸ್ಥಾನವನ್ನೂ ಕೂಟದ ಶ್ರೇಷ್ಠ ನಾಯಿಯೆಂಬ ಮನ್ನಣೆಯನ್ನೂ ಪಡೆಯಿತು. ಸ್ಪರ್ಧೆಯಲ್ಲಿದ್ದ 116 ವಿದೇಶಿ ತಳಿಯ ನಾಯಿಗಳನ್ನು ಅದು ಹಿಂದಿಕ್ಕಿತ್ತು. ಜಾಡು ಹಿಡಿಯುವುದು ಮೂಗಿನ ಕೆಲಸವೆಂಬುದನ್ನು ಇಲ್ಲಿ ಗಮನಿಸಬೇಕು. ಕಣ್ಣಿನಿಂದ ಬೇಟೆಯಾಡುವ ತಳಿಗೆ ಮೂಗಿಲ್ಲವೆಂದಲ್ಲ. ಎಲ್ಲ ನಾಯಿಗಳ ಮೂಗೂ ನಮ್ಮ ಊಹೆಗೆ ಮೀರಿದ್ದೇ. ಉದ್ರೇಕಗೊಂಡಾಗ ಯಾವ ಇಂದ್ರಿಯಕ್ಕೆ ಮೊದಲು ಓಗೊಡುತ್ತದೆಂಬುದರಲ್ಲಿ ತಳಿತಳಿಗೆ ವ್ಯತ್ಯಾಸವಿದೆ, ತಾಳ್ಮೆಯ ತರಬೇತಿ ಆ ಒಲವನ್ನು ತಿದ್ದಬಲ್ಲದು. ಈ ಸಾಧನೆಗೆ ಹೆಮ್ಮೆಪಡುವುದು ಸಹಜ. ಆದರೆ ನುರಿತ ತರಬೇತುದಾರರ ಕೈಯಲ್ಲಿ, ಆರಿಸಿದ ಮರಿಯೊಂದು, ದಿನದಿನದ ಪರಿಶ್ರಮದಿಂದ ಮಾಡಿದ್ದನ್ನು ನೋಡಿ, ಅಂಗಡಿಯಿಂದ ತಂದ ಯಾವುದೇ ಮರಿ ತಾನಾಗಿ ಹಾಗಾಗುತ್ತದೆಂದು ನಂಬಿದರೆ ನಾಯಿಗೂ ಮನೆಯವರಿಗೂ ಸಂಕಟವೇ.

ಬೇಟೆನಾಯಿಯನ್ನು ತಂದಿದ್ದೇವೆಂದು ಬೇಟೆಗೆ ಬಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಚಿಗರಿ ಯಾವುದನ್ನೂ ನಾಯಿ ಬಿಟ್ಟು ಹಿಡಿಸುವುದು ಅಪರಾಧ. ಬೆನ್ನಟ್ಟುವ ಹಂಬಲಕ್ಕೆ ನಿರಪಾಯದ ದಾರಿಗಳಿವೆ: ಉದ್ದನೆಯ ಹಗ್ಗದ ತುದಿಗೆ ಬಟ್ಟೆಯ ಗಂಟು ಕಟ್ಟಿ ನೆಲದ ಮೇಲೆ ವೇಗವಾಗಿ ಎಳೆದರೆ ನಾಯಿಗೆ ಓಟದ ಸುಖ ದೊರೆಯುತ್ತದೆ, ಅದರ ಜತೆಗೇ ಹೇಳಿದಾಗ ನಿಲ್ಲುವ ಪಾಠವನ್ನೂ ಕಲಿಸಬಹುದು. ಇಂಥ ಆಟ ತಂಪು ಹೊತ್ತಿನಲ್ಲಿ ಆಗಬೇಕು. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ನಾಯಿಯಾದರೂ ಪೂರ್ತಿ ವೇಗದ ಓಟ ಮೈಯನ್ನು ಬಲು ಬೇಗ ಕಾಯಿಸುತ್ತದೆ. ಚಳಿಗೆ ಮಾತ್ರ ಇದು ಒಗ್ಗಿದ್ದಲ್ಲ. ಮಡಿಕೇರಿಯ ಮಳೆಗಾಲದಲ್ಲೋ ದೆಹಲಿಯ ಜನವರಿಯಲ್ಲೋ ಬೆಚ್ಚನೆಯ ಹಾಸಿಗೆ ಕೊಡಲೇಬೇಕು.

ಮರಿಯನ್ನು ಆರಿಸುವವರು ಮರಿಗಿಂತ ಮೊದಲು ಅದರ ತಾಯಿಯನ್ನು ನೋಡಬೇಕು. ಅಪರಿಚಿತರು ಬಂದಾಗ ತಾಯಿ ದೂರ ನಿಂತು ಗಮನಿಸಿದರೆ ಅದು ತಳಿಯ ಗುಣ, ನಡುಗುತ್ತಾ ಅಡಗಿದರೆ ಅಥವಾ ಮೈಮೇಲೆ ಎರಗಿದರೆ ಆ ಮರಿಗಳ ಬಗ್ಗೆ ಎರಡು ಸಲ ಯೋಚಿಸಬೇಕು. ಅಂಜುಬುರುಕುತನ ರಕ್ತದಲ್ಲೂ ಬರುತ್ತದೆ, ಅಂಜುವ ತಾಯಿಯನ್ನು ನೋಡಿಯೂ ಬರುತ್ತದೆ. ಹೆಚ್ಚಿನ ವೇಗಕ್ಕಾಗಿ ಗ್ರೇಹೌಂಡ್ ಬೆರಕೆ ಮಾಡಿದ ಮರಿಗಳನ್ನು ಮುಧೋಳವೆಂದೇ ಮಾರುವವರೂ ಇರುವುದರಿಂದ ತಿಮ್ಮಾಪುರದ ಕೇಂದ್ರದಲ್ಲೋ ಆ ಸೀಮೆಯ ಅನುಭವಿ ಸಾಕಣೆಗಾರರಲ್ಲೋ ವಿಚಾರಿಸಿ ತರುವುದು ಒಳ್ಳೆಯದು. ಮರಿ ಮನೆಗೆ ಬಂದ ಮೇಲೆ ಪಶುವೈದ್ಯರಿಗೆ ಇದು ಓಟದ ಬೇಟೆನಾಯಿಗಳ ಗುಂಪಿನದೆಂದು ತಪ್ಪದೆ ತಿಳಿಸಬೇಕು. ಗ್ರೇಹೌಂಡ್‌ನಲ್ಲಿ ಥಯೋಪೆಂಟಾಲ್‌ನಂಥ ಕೆಲವು ಅರಿವಳಿಕೆ ಔಷಧಗಳನ್ನು ಯಕೃತ್ತು ನಿಧಾನವಾಗಿ ಕರಗಿಸುವುದರಿಂದ ನಾಯಿ ಎಚ್ಚರಗೊಳ್ಳುವುದು ಬಹಳ ತಡವಾಗುತ್ತದೆಂಬುದು ಗೊತ್ತಿರುವ ಸಂಗತಿ, ಮೈಯಲ್ಲಿ ಕೊಬ್ಬು ಕಡಿಮೆಯಿರುವುದೂ ಇದಕ್ಕೆ ಸೇರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಂಥ ಸಾಧಾರಣ ಸಂದರ್ಭದಲ್ಲೂ ಔಷಧದ ಆಯ್ಕೆಯನ್ನು ವೈದ್ಯರು ಇದನ್ನು ಗಮನದಲ್ಲಿಟ್ಟೇ ಮಾಡಬೇಕಾಗುತ್ತದೆ.